ತಲೆಕೆಳಗಿನ ತಾರಸಿ

ದೂರದರ್ಶಕದ ಡಬ್ಬಿಯ ಮೇಲೆ ಶನಿಗ್ರಹವನ್ನು ಕುಂಬಳಕಾಯಿಯಷ್ಟು ದಪ್ಪಗೆ ಅಚ್ಚುಹಾಕಿದ್ದರು. ಅದರ ಕೆಳಗೆ ಕೆಂಪಕ್ಷರದಲ್ಲಿ ‘ಐನೂರ ಇಪ್ಪತ್ತೈದು ಪಟ್ಟು’ ಎಂದಿತ್ತು. ಬರೀ ಐನೂರು ಅಂದಿದ್ದರೆ ಯಾರೂ ನಂಬುತ್ತಿರಲಿಲ್ಲ, ಬಾಲಕ್ಕೆ ಇಪ್ಪತ್ತೈದು ಕಟ್ಟಿದ ಮೇಲೆ ಊರಿನ ಕತ್ತೆಗಳೆಲ್ಲ ನಂಬುತ್ತವೆ ಎಂದುಕೊಂಡ ಬೂಜೆಮಾ. ಸುಳ್ಳಿಗೆ ಇಪ್ಪತ್ತಕ್ಕೆ ಹದಿನಾಲ್ಕು, ಚಿತ್ರಕ್ಕೆ ಎರಡು. ಶಾಲೆಗಳ ಇನ್ಸ್‌ಪೆಕ್ಟರಾಗಿ ಕ್ಸಂತೀನಾ ಊರಿನ ಮೇಷ್ಟರುಗಳನ್ನೆಲ್ಲ ನಡುಗಿಸಿ ನಿವೃತ್ತನಾದವನು ಅವನು. ಕೆಲಸ ಹೋದರೂ ಅಂಕ ಹಾಕುವ ಚಟ ಹೋಗಿರಲಿಲ್ಲ. ಎದುರಿಗೆ ಹಲ್ಲು ಕಿರಿಯುತ್ತ ನಿಂತಿದ್ದ ಅಂಗಡಿಯ ನುವಾರನಿಗೆ ಬಾಗಿಲು ದಾಟುವಾಗಲೇ ಮೂರು ಹಾಕಿ ಆಗಿತ್ತು. ಕನ್ನಡಕ ಮಾರುವವನು ಕನ್ನಡಕ ಮಾರಬೇಕು. ಇವನು ಗಡಿಯಾರ, ದಿಕ್ಸೂಚಿ, ಮೀನು ಹಿಡಿಯುವ ಗಾಳ, ಈಗ ದೂರದರ್ಶಕ, ಎಲ್ಲವನ್ನೂ ಒಂದೇ ಧೂಳಿನಲ್ಲಿ ಪೇರಿಸಿಟ್ಟಿದ್ದ.

“ಸಿ ಬೂಜೆಮಾ ಅವರೇ, ಇದನ್ನೇ ತಗೊಳ್ಳಿ. ನಿಮ್ಮ ಪೆನ್ಷನ್ನಿಗೂ ಭಾರ ಆಗಲ್ಲ. ಕಣ್ಣು ಮುಚ್ಕೊಂಡು ತಗೊಳ್ಳಿ.”

“ಕಣ್ಣು ಮುಚ್ಕೊಂಡು ನೋಡೋದಕ್ಕೆ ಟೆಲಿಸ್ಕೋಪ್ ಯಾಕಯ್ಯಾ?”

ನುವಾರ ನಕ್ಕ. ನಗಬೇಕಾದ ಮಾತಲ್ಲ ಅದು, ಆದರೂ ನಕ್ಕ. ಬೂಜೆಮಾ ಒಂದು ಬೆರಳಿನಿಂದ ಆ ಯಂತ್ರದ ಮುಕ್ಕಾಲಿಯನ್ನು ಮುಟ್ಟಿದ. ಅಲ್ಯೂಮಿನಿಯಂ ಕಾಲುಗಳು ಚಳಿಜ್ವರ ಬಂದವರಂತೆ ನಡುಗಿದವು, ಕೊಳವೆಯ ತುದಿ ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಆಡಿ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಇಲ್ಲಿ ಒಂದು ಗೇಣು ಅಲುಗಿದರೆ ಕಣಿವೆಯಾಚೆ ಇಡೀ ಬೀದಿಯೇ ತಪ್ಪಿಹೋಗುತ್ತದೆ. ಅವನಿಗೆ ಬೇಕಾಗಿದ್ದದ್ದು ಬೀದಿಯಲ್ಲ. ಕಣಿವೆಯಾಚೆ, ಸಿದಿ ಮಬ್ರೂಕ್ ಬಡಾವಣೆಯ ಕಡೆ, ಎರಡು ನೀಲಿ ನೀರಿನ ತೊಟ್ಟಿಗಳ ನಡುವೆ ಒಂದು ತಾರಸಿಯಿತ್ತು. ಬರಿಗಣ್ಣಿಗೆ ಅದು ಉಗುರಿನಷ್ಟು ಕಾಣುತ್ತಿತ್ತು. ಆ ತಾರಸಿ ಅವನ ಮಗಳು ವಸೀಲಾಳದು.

ಶನಿ ಹಾಳಾಗಿಹೋಗಲಿ. ಮೊನ್ನೆ ಕಾಫಿ ಅಂಗಡಿಯಲ್ಲಿ ಡೊಮಿನೊ ಆಡುವ ಸೋಮಾರಿಗಳಲ್ಲಿ ಒಬ್ಬ, ಕಾಯಿ ಬಡಿಯುತ್ತ ಬಡಿಯುತ್ತಲೇ, “ನಿಮ್ಮ ಹುಡುಗೀನ ಆಸ್ಪತ್ರೆ ಹತ್ರ ನೋಡ್ದೆ ಇನ್ಸ್‌ಪೆಕ್ಟ್ರೇ, ಕಡ್ಡಿ ಆಗ್ಬಿಟ್ಟಿದ್ದಾಳೆ, ಗುರುತೇ ಸಿಗಲಿಲ್ಲ, ಏನಂತೆ?” ಎಂದುಬಿಟ್ಟಿದ್ದ. ಏನಂತೆ! ಬೂಜೆಮಾಗೆ ಗೊತ್ತಿದ್ದರೆ ತಾನೇ. ಆರು ವರ್ಷದ ಹಿಂದೆ ಆ ತಾಮ್ರ ಬಡಿಯುವ ಖಮೀಸನನ್ನು ಮದುವೆಯಾಗುತ್ತೇನೆಂದು ಅವಳು ನಿಂತಾಗ, ಇವನು ಬಾಗಿಲಲ್ಲಿ ನಿಂತು, ಮೆಟ್ಟಿಲಿನ ಎಲ್ಲ ಮನೆಗಳಿಗೂ ಕೇಳುವ ಹಾಗೆ, “ಇವತ್ತಿಂದ ನನಗೆ ಮಗಳಿಲ್ಲ, ನಿನ್ನ ಮುಖ ನೋಡಿದ್ರೆ ನನ್ನ ಕಣ್ಣು ಹೋಗ್ಲಿ” ಎಂದಿದ್ದ. ಎಲ್ಲರೂ ಕೇಳಿಸಿಕೊಂಡಿದ್ದರು. ಅದನ್ನೇ ತಾನೇ ಅವನು ಬಯಸಿದ್ದದ್ದು. ಈಗ ಯಾರನ್ನು ಕೇಳುವುದು? ಹೆಂಡತಿ ಹೂರಿಯಾಳನ್ನು ಕೇಳಿದರೆ ಸೋತಂತೆ. ಖಮೀಸನ ಅಂಗಡಿಗೆ ಹೋದರೆ ಸತ್ತಂತೆ. ಅದಕ್ಕೇ ಕಾಫಿ ಅಂಗಡಿಯಲ್ಲಿ, “ಯಾವ ಹುಡುಗಿ?” ಎಂದು ಕೇಳಿ, ಬಟ್ಟಲನ್ನು ಖಾಲಿ ಮಾಡಿ, ಎದ್ದು ಬಂದಿದ್ದ. ಕಡ್ಡಿಯಾಗಿದ್ದಾಳೆ ಎಂಬ ಮಾತು ಅವನ ಹಿಂದೆಯೇ ಮೆಟ್ಟಿಲು ಹತ್ತಿ ಮನೆಗೆ ಬಂತು.

ಸುಮ್ಮನೆ ಒಂದು ಬೈನಾಕ್ಯುಲರ್ ಕೊಳ್ಳಬಹುದಿತ್ತು. ಆದರೆ ಈ ಊರಿನಲ್ಲಿ ತಾರಸಿಯ ಮೇಲೆ ಬೈನಾಕ್ಯುಲರ್ ಹಿಡಿದು ನಿಂತ ಗಂಡಸು ಒಂದೋ ಪೊಲೀಸಿನವನು, ಇಲ್ಲವೇ ಹೆಂಗಸರನ್ನು ಕದ್ದು ನೋಡುವ ಹಲ್ಕಾ. ತಾರಸಿ ಹೆಂಗಸರದು. ಗಂಡಸು ಹತ್ತುವ ಮೊದಲು ಕೆಮ್ಮಬೇಕು, “ದಾರಿ, ದಾರಿ!” ಎಂದು ಕೂಗಬೇಕು, ಬಿಚ್ಚುತಲೆಯವರು ಮುಸುಕೆಳೆದುಕೊಳ್ಳುವಷ್ಟು ಹೊತ್ತು ಮೆಟ್ಟಿಲಲ್ಲೇ ನಿಲ್ಲಬೇಕು. ದೂರದರ್ಶಕವಾದರೆ ಬೇರೆ. ಅದಕ್ಕೆ ವಿಜ್ಞಾನದ ಮರ್ಯಾದೆ ಇದೆ, ರಂಜಾನಿನ ಚಂದ್ರನ ಪುಣ್ಯವೂ ಇದೆ. ನಿವೃತ್ತ ಇನ್ಸ್‌ಪೆಕ್ಟರು ಆಕಾಶ ನೋಡುತ್ತಾರೆ ಅಂದರೆ ಜನ ತಲೆಬಾಗುತ್ತಾರೆ. ಎಷ್ಟು ಸುಲಭವಾಗಿ ಮೋಸಹೋಗುತ್ತಾರೆ ಈ ಜನ ಎಂದು ಅವನಿಗೆ ಅವರ ಮೇಲೆ ಇನ್ನಷ್ಟು ತಾತ್ಸಾರ ಬಂತು.

“ಅದನ್ನ ಮಾತ್ರ ತಗೋಬೇಡಿ,” ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದರೆ, ಕನ್ನಡಕದ ಕಾಲು ರಿಪೇರಿಗೆ ಬಂದಿದ್ದ ಹಲ್ಲಿನ ಡಾಕ್ಟರು ಸೆಲ್ವಾ. ಊರಿನ ಆಕಾಶ ವೀಕ್ಷಕರ ಸಂಘದಲ್ಲಿ ಇದ್ದವಳು, ಇವನ ಎರಡು ದವಡೆ ಹಲ್ಲು ಕಿತ್ತವಳು. ಬಾಯಿ ತೆರೆದುಕೊಂಡು ಯಾರ ಮುಂದೆ ಕೂತಿದ್ದೆವೋ ಅವರ ಮುಂದೆ ಗತ್ತು ಮಾಡುವುದು ಕಷ್ಟ, ಆದರೂ ಬೂಜೆಮಾ ಮಾಡಿದ.

“ಪಟ್ಟು ಗಿಟ್ಟು ಎಲ್ಲಾ ನಂಬಬಾರದು ಅಂತ ನನಗೂ ಗೊತ್ತು ಡಾಕ್ಟ್ರೇ.”

“ಗೊತ್ತಿದ್ರೆ ಸರಿ. ನೋಡ್ಬೇಕಾದ್ದು ಕನ್ನಡಿ ಎಷ್ಟು ಅಗಲ ಇದೆ ಅಂತ, ಸ್ಟ್ಯಾಂಡ್ ಎಷ್ಟು ಗಟ್ಟಿ ಅಂತ. ಹೊಸಬರು ಎಲ್ಲಾ ದುಡ್ಡನ್ನೂ ಕೊಳವೆಗೆ ಸುರೀತಾರೆ. ಕಾಲು ನಡುಗಿದ್ರೆ ಕಣ್ಣಿಗೇನು ಕಾಣತ್ತೆ, ಮಣ್ಣು?” ಅವಳು ಮೂಲೆಯಲ್ಲಿದ್ದ ಇನ್ನೊಂದನ್ನು ತೋರಿಸಿದಳು. ಅದರ ತಲೆಯಲ್ಲಿ ಹಲ್ಲುಚಕ್ರ, ಒಂದು ಕಡೆ ಕಬ್ಬಿಣದ ಗುಂಡು. “ಇದು ಭೂಮಿ ತಿರುಗೋ ಹಾಗೇ ತಿರುಗತ್ತೆ. ಆದ್ರೆ ಪ್ರತಿ ಸಲ ಅದರ ಕತ್ತನ್ನ ಧ್ರುವ ನಕ್ಷತ್ರಕ್ಕೆ ಹಿಡೀಬೇಕು. ಅಗ್ಗದಲ್ಲಿ ತಗೊಂಡ್ರೆ ಹಲ್ಲುಚಕ್ರ ಸಡಿಲ. ನಿಮಗೆ ಅದೆಲ್ಲ ಬೇಡ. ಅಕೋ, ಅದು ನೋಡಿ.”

ಅದು ಮರದ ಗಿಡ್ಡ ಪೀಠ. ಮೇಲೆ ಒಂದು ದಪ್ಪ ಕೊಳವೆ, ಹಿಟ್ಟಿನ ಡಬ್ಬದ ಹಾಗೆ. ಕಾಲಿಲ್ಲ, ತಿರುಪಿಲ್ಲ, ಎಡಕ್ಕೆ ಬಲಕ್ಕೆ ತಳ್ಳಬೇಕು, ಮೇಲೆ ಕೆಳಗೆ ಎತ್ತಬೇಕು, ಅಷ್ಟೆ. ಬೂಜೆಮಾ ಬೆರಳಿನಿಂದ ಬಡಿದ. ಅಲುಗಲಿಲ್ಲ. ಅಂಗೈಯಿಂದ ಬಡಿದ. ಅಲುಗಲಿಲ್ಲ. ಒಲ್ಲದ ಮನಸ್ಸಿನಿಂದ ಹದಿನೈದು ಕೊಟ್ಟ.

“ಏನು ನೋಡ್ಬೇಕು ಅಂತ ಆಸೆ ನಿಮಗೆ?” ಎಂದಳು ಸೆಲ್ವಾ, ಸುಮ್ಮನೆ, ಎಲ್ಲರನ್ನೂ ಕೇಳುವ ಹಾಗೆ.

ಅವನ ಕಿವಿ ಬಿಸಿಯಾಯಿತು. “ಶನಿ,” ಎಂದ.

“ಹಾಗಾದ್ರೆ ಇದೇ ಸರಿ. ಒಂದು ಮಾತು, ಚಿತ್ರ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣತ್ತೆ. ಗಾಬರಿ ಆಗ್ಬೇಡಿ. ಆಕಾಶದಲ್ಲಿ ಮೇಲೆ ಯಾವುದು, ಕೆಳಗೆ ಯಾವುದು, ಅಲ್ವಾ? ನೆಲದ ಮೇಲಿಂದು ನೋಡೋರಿಗೆ ಬೇಟೆಗಾರರ ದುರ್ಬೀನು ಅಂತ ಬೇರೆ ಬರತ್ತೆ, ಅದರಲ್ಲಿ ನೆಟ್ಟಗೆ ಕಾಣತ್ತೆ. ನುವಾರ್ ಹತ್ರಾನೂ ಒಂದಿದೆ, ಇದಕ್ಕಿಂತ ಅಗ್ಗ. ನಿಮಗೆ ಅದು ಬೇಡ ತಾನೇ?”

“ಛೆ ಛೆ. ನನಗ್ಯಾಕೆ ಅದು.”

ನನಗೆ ಅದೇ ಬೇಕು ಎನ್ನಲು ಬಾಯಿ ಬರಲಿಲ್ಲ. ಅಂದಿದ್ದರೆ ನುವಾರ ಒಂದು ಹುಬ್ಬು ಎತ್ತುತ್ತಿದ್ದ, ಆ ಹುಬ್ಬು ಸಂಜೆಗೆ ಡೊಮಿನೊ ಮೇಜಿಗೆ ತಲುಪುತ್ತಿತ್ತು. ಬೇಕಾದದ್ದು ಗಾಜಿನ ಕಪಾಟಿನಲ್ಲಿ ಅಗ್ಗವಾಗಿ ಕಾಣುತ್ತಿರುವಾಗ, ಬೇಡವಾದದ್ದಕ್ಕೆ ಹೆಚ್ಚು ಕೊಟ್ಟು, ಎದೆಗವಚಿಕೊಂಡು, ಬೂಜೆಮಾ ಹೊರಗೆ ಬಂದ. ಮಾನ ಉಳಿಯಿತು. ಟ್ಯಾಕ್ಸಿಯವನು, “ಏನ್ ಹಾಜ್, ಹೊಸ ಕುಕ್ಕರ್ರಾ?” ಎಂದ. ಅವನಿಗೆ ಸೊನ್ನೆ.

ಏಪ್ರಿಲ್ಲು. ಬೀದಿಯಲ್ಲೆಲ್ಲ ಕಿತ್ತಳೆ ಹೂವಿನ ಬುಟ್ಟಿಗಳು, ಚೌಕಾಸಿ ಮಾಡುವ ಹೆಂಗಸರು. ಹೂವನ್ನು ಕುದಿಸಿ ಪರಿಮಳದ ನೀರು ಇಳಿಸುವ ಕಾಲ ಬಂತೆಂದರೆ ಈ ಊರಿಗೆ ಹುಚ್ಚು ಹಿಡಿಯುತ್ತದೆ. ಅವನ ಮನೆಯಲ್ಲೂ ಒಂದು ಕಾಲಕ್ಕೆ ಇಳಿಸುತ್ತಿದ್ದರು. ಹೂರಿಯಾಳ ಅಜ್ಜಿಯ ತಾಮ್ರದ ಭಟ್ಟಿಪಾತ್ರೆ, ಹೊಟ್ಟೆಯಲ್ಲಿ ಒಂದು ತಗ್ಗು. ಎಂದೋ ಯಾರೋ ಮೆಟ್ಟಿಲಿನಿಂದ ಬೀಳಿಸಿದ್ದದ್ದು. ಪಾತ್ರೆಗೂ ಹಬೆ ತಣಿಸಲು ತಣ್ಣೀರು ತುಂಬುವ ಮೇಲಿನ ಮುಚ್ಚಳಕ್ಕೂ ನಡುವಿನ ಸಂದಿಗೆ ಸುತ್ತಲೂ ಹಿಟ್ಟು ಮೆತ್ತಬೇಕು, ಇಲ್ಲದಿದ್ದರೆ ಹಬೆಯೆಲ್ಲ ಸೋರಿ ಪರಿಮಳ ಆಕಾಶದ ಪಾಲು. ಆ ಹಿಟ್ಟು ಮೆತ್ತುವ ಕೆಲಸವನ್ನು ಬೂಜೆಮಾ ಯಾರಿಗೂ ಬಿಡುತ್ತಿರಲಿಲ್ಲ. ಈ ಮನೆಯಲ್ಲಿ ನೆಟ್ಟಗೆ ಮೆತ್ತಲು ಬರುವುದು ನನಗೊಬ್ಬನಿಗೇ ಎನ್ನುತ್ತಿದ್ದ. ಪಕ್ಕದಲ್ಲಿ ವಸೀಲಾ, ಏಳೋ ಎಂಟೋ ವಯಸ್ಸು, ಹಿಟ್ಟನ್ನು ಹಗ್ಗದಂತೆ ಹೊಸೆದು ಕೊಡುವಳು. ಒಮ್ಮೆ ಅವಳೇ ಮೆತ್ತಲು ಹೋಗಿ ಸಂದಿ ಬಿಟ್ಟಳು, ಹಬೆ ಬುಸ್ಸೆಂದಿತು, ಇವನು ರೂಲು ದೊಣ್ಣೆಯಿಂದ ಅವಳ ಬೆರಳ ಗೆಣ್ಣಿಗೆ ಕೊಟ್ಟ. ಅಳಲಿಲ್ಲ ಅವಳು. ಹಿಟ್ಟು ಮೆತ್ತಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, “ಎಷ್ಟು ಅಂಕ ಅಪ್ಪಾ?” ಎಂದು ಕೇಳಿದಳು. ನಾಲ್ಕು ಎಂದಿದ್ದ. ವಸೀಲಾಳ ಮದುವೆಯಾದ ವರ್ಷವೇ ಹೂರಿಯಾ ಆ ಪಾತ್ರೆಯನ್ನು ಕಲಾಯಿಗೆಂದು ತಾಮ್ರದವರ ಬೀದಿಗೆ ಕೊಟ್ಟಳು, ಅದು ಮರಳಿ ಬರಲೇ ಇಲ್ಲ. ನುಂಗಿದ್ದಾನೆ ಕಳ್ಳ, ತಾಮ್ರ ಬಡಿಯುವ ಜಾತಿಯೇ ಹಾಗೆ ಎಂದು ಅವನು ಆರು ವರ್ಷದಿಂದಲೂ ಹೇಳುತ್ತ ಬಂದಿದ್ದ. ಅಂದಿನಿಂದ ಹೂವಿನ ನೀರು ಹೊರಗಿನಿಂದ ಬರುತ್ತಿತ್ತು. ಸೇತುವೆಯಾಚೆ ಒಬ್ಬ ಹೆಂಗಸು ಮಾರುತ್ತಾಳಂತೆ. ಕಾಫಿಗೆ ಅದರ ನಾಲ್ಕು ಹನಿ ಬೀಳದಿದ್ದರೆ ಅವನಿಗೆ ಬೆಳಗಾಗುತ್ತಿರಲಿಲ್ಲ. ಜಗತ್ತಿನಲ್ಲಿ ಅವನಿಂದ ಹದಿನೆಂಟು ಪಡೆದದ್ದು ಆ ನೀರೊಂದೇ. “ಆ ಹೆಂಗಸಿನ ಕೈ ನೋಡಿ ಕಲಿತಿದ್ರೆ ನಿನ್ನ ಮಗಳೂ ಮನುಷ್ಯಳಾಗ್ತಿದ್ಲು,” ಎಂದು ಇವತ್ತು ಬೆಳಿಗ್ಗೆಯೂ ಹೇಳಿದ್ದ. ಹೂರಿಯಾ ಚೀಲ ತೆಗೆದುಕೊಂಡು, ಗುರುವಾರವಲ್ಲವೇ, ಹಮ್ಮಾಮಿಗೆ ಸ್ನಾನಕ್ಕೆಂದು ಹೊರಟುಹೋಗಿದ್ದಳು.

“ದಾರಿ! ದಾರಿ!”

ಮೆಟ್ಟಿಲ ಕೊನೆಯಲ್ಲಿ ನಿಂತು ಎರಡು ಸಲ ಕೆಮ್ಮಿದ. ಮೇಲೆ ಬಕೆಟ್ಟಿನ ಸದ್ದು, ಚಪ್ಪಲಿಯ ಸದ್ದು. ಹತ್ತಿದರೆ, ಕೆಳಮನೆಯ ಲಲ್ಲಾ ಒನಿಸ್ಸಾ ಹಾಸಿನ ಬಟ್ಟೆ ಒಣಹಾಕುತ್ತಿದ್ದಳು. ಇವನಿಗಿಂತ ಹಿರಿಯಳು, ಯಾರ ಮುಲಾಜೂ ಇಲ್ಲದವಳು.

“ಏನ್ ಇನ್ಸ್‌ಪೆಕ್ಟ್ರೇ ಅದು, ಫಿರಂಗೀನಾ?”

“ಟೆಲಿಸ್ಕೋಪು. ಗ್ರಹ ನೋಡೋದಕ್ಕೆ.”

“ಹಟ್ಟ ಹಗಲಲ್ಲಿ?”

“ಶುಕ್ರ ಹಗಲಲ್ಲೂ ಕಾಣತ್ತೆ. ಓದಿದೋರಿಗೆ ಗೊತ್ತಿರತ್ತೆ.”

“ಅಯ್ಯೋ, ನಾನೆಲ್ಲಿ ಓದಿದೀನಿ.” ಅವಳು ಬಾಯಲ್ಲಿ ಕಚ್ಚಿದ್ದ ಕ್ಲಿಪ್ಪನ್ನು ತೆಗೆದು ಹಗ್ಗಕ್ಕೆ ಸಿಕ್ಕಿಸಿದಳು. “ಶುಕ್ರ ಸಿದಿ ಮಬ್ರೂಕಲ್ಲಿ ಮನೆ ಮಾಡಿರೋದು ನನಗೆ ಗೊತ್ತೇ ಇರ್ಲಿಲ್ಲ ನೋಡಿ.”

ಅವನು ಮೋಟುಗೋಡೆಯ ಮೇಲೆ ಪೀಠವಿಟ್ಟು, ಕೊಳವೆಯನ್ನು ಆಕಾಶದ ಕಡೆ ಒಂದಿಷ್ಟು ಹೊತ್ತು ಸುಮ್ಮನೆ ತಿರುಗಿಸಿದ, ನಾಟಕಕ್ಕೆ. ಅಕ್ಷರ ಬಾರದ ಮುದುಕಿಯೊಬ್ಬಳ ಮುಂದೆ ಈ ವಯಸ್ಸಿನಲ್ಲಿ ನಾಟಕವಾಡುತ್ತಿದ್ದೇನೆ ಎಂದು ಮೈ ಉರಿಯಿತು. ಒನಿಸ್ಸಾ ಬೇಕೆಂದೇ ಒಂದೊಂದು ಬಟ್ಟೆಯನ್ನೂ ಎರಡೆರಡು ಸಲ ಕೊಡವಿ, ನಿಧಾನವಾಗಿ ಹರವಿ, ಕೊನೆಗೂ ಕೆಳಗಿಳಿದಳು. ಅವನು ಕೊಳವೆಯನ್ನು ತಗ್ಗಿಸಿದ. ಕೊಳವೆಯ ಪಕ್ಕೆಯಲ್ಲಿದ್ದ ಮಸೂರಕ್ಕೆ ಕಣ್ಣಿಟ್ಟ.

ಮೊದಲು ಬರೀ ಬೂದು. ಮಸೂರದ ತಿರುಪು ತಿರುಗಿಸಿದ ಮೇಲೆ ಬಂಡೆ, ಬಂಡೆಯ ಮೇಲೆ ಗೋಡೆಯಲ್ಲ, ಗೋಡೆಯ ಮೇಲೆ ಬಂಡೆ. ಮನೆಗಳು ಆಕಾಶಕ್ಕೆ ತಲೆ ಇಳಿಬಿಟ್ಟು ನೇತಾಡುತ್ತಿದ್ದವು. ಬಲಕ್ಕೆ ತಳ್ಳಿದರೆ ಎಡಕ್ಕೆ ಓಡುತ್ತಿದ್ದವು, ಎತ್ತಿದರೆ ಇಳಿಯುತ್ತಿದ್ದವು. ಥೂ, ಇದಕ್ಕಿಂತ ಮೊಂಡ ವಿದ್ಯಾರ್ಥಿಯನ್ನು ಕಂಡಿರಲಿಲ್ಲ ಅವನು. ಯಾರದೋ ಕಿಟಕಿ, ಯಾರದೋ ಬೆಕ್ಕು, ಡಿಶ್ಶಿನ ತಟ್ಟೆ. ಕೊನೆಗೊಂದು ನೀಲಿ ತೊಟ್ಟಿ ಬಂತು, ಇನ್ನೊಂದು ನೀಲಿ ತೊಟ್ಟಿ ಬಂತು. ಅವೆರಡರ ನಡುವೆ ಗ್ಯಾಸಿನ ಒಲೆ, ಒಲೆಯ ಕೆಳಗೆ ತಾಮ್ರದ ಪಾತ್ರೆ, ಪಾತ್ರೆಯ ಹೊಟ್ಟೆಯಲ್ಲಿ ತಗ್ಗು. ಆ ತಗ್ಗನ್ನು ತಲೆಕೆಳಗಾಗಿಸಿದರೂ ಅವನು ಗುರುತು ಹಿಡಿಯಬಲ್ಲ. ಕಳ್ಳ ನುಂಗಿದ ಪಾತ್ರೆ ಅದು. ಅದರ ಈಚೆಗೆ, ಇವನ ಕಡೆ ಬೆನ್ನು ಮಾಡಿ, ಹಮ್ಮಾಮಿಗೆ ಹೋದ ಹೂರಿಯಾ ಕೂತಿದ್ದಳು. ಬೆಳಿಗ್ಗೆ ಉಟ್ಟ ಅದೇ ಕಂದು ನಿಲುವಂಗಿ, ಅದೇ ಚೀಲ. ಹೂವನ್ನು ಮುಷ್ಟಿ ಮುಷ್ಟಿಯಾಗಿ ಎತ್ತಿ ಬಟ್ಟೆಯ ಮೇಲೆ ಹರವುತ್ತಿದ್ದಳು. ಆರು ವರ್ಷದ ಗುರುವಾರಗಳೆಲ್ಲ ಒಮ್ಮೆಗೇ ಬಂದು ಬೂಜೆಮಾನ ಎದೆಯ ಮೇಲೆ ಕೂತವು. ಇವಳು ಒಂದು ದಿನವೂ ಒದ್ದೆ ತಲೆಯಲ್ಲಿ ಮನೆಗೆ ಬಂದಿರಲಿಲ್ಲ. ಅದನ್ನು ಗಮನಿಸದೆ ಹೋದ ಈ ಇನ್ಸ್‌ಪೆಕ್ಟರಿಗೆ ಎಷ್ಟು ಅಂಕ?

ಸೇತುವೆಯಾಚೆಯ ಹೆಂಗಸು! ನಾಲ್ಕು ಹನಿ, ಹದಿನೆಂಟು ಅಂಕ. ದಿನಾ ಬೆಳಿಗ್ಗೆ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಆಹಾ ಎಂದು, ಆಮೇಲೆ ಮಗಳನ್ನು ಜರೆದು, ಮಗಳ ಕೈಯ ನೀರನ್ನೇ ಕುಡಿದಿದ್ದ. ಹೂರಿಯಾ ಅದನ್ನೆಲ್ಲ ಅಲ್ಲಿ ಹೋಗಿ ಹೇಳಿರುತ್ತಾಳೆ. ನಕ್ಕಿರುತ್ತಾರೆ ಇಬ್ಬರೂ. ನಕ್ಕಿದ್ದರೆ ಒಳ್ಳೆಯದೇ ಎಂದು ಅವನಿಗೇ ತಿಳಿಯದೆ ಅನ್ನಿಸಿತು. ತಕ್ಷಣ ತನ್ನ ಮೇಲೆ ಸಿಟ್ಟು ಬಂತು.

ಪಾತ್ರೆಯ ಆಚೆಗೆ, ಇವನ ಕಡೆ ಮುಖ ಮಾಡಿ, ಗೋಡೆಗೆ ಒರಗಿ ಇನ್ನೊಬ್ಬಳಿದ್ದಳು. ಭುಜದ ಮೂಳೆ ಬಟ್ಟೆಯೊಳಗಿನಿಂದ ಎದ್ದು ಕಾಣುತ್ತಿತ್ತು. ಗದ್ದ ಮೇಲೆ, ಹಣೆ ಕೆಳಗೆ. ಬಾಯಿ ಅರಳಿದೆಯೋ ಮುರಿದಿದೆಯೋ, ಮಾತಾಡುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದು. ತಲೆಕೆಳಗಾದ ಮುಖದಲ್ಲಿ ಯಾವುದೂ ತಿಳಿಯದು. ಇದನ್ನೇ ನೋಡಲು ಇಷ್ಟೆಲ್ಲ ಸುಳ್ಳು ಹೇಳಿ ಹತ್ತಿ ಬಂದರೆ, ಮುಖ ಮಾತ್ರ ಸಿಕ್ಕುವುದಿಲ್ಲ. ಬೂಜೆಮಾ ಸುತ್ತ ನೋಡಿದ. ಯಾರೂ ಇಲ್ಲ. ಮೋಟುಗೋಡೆಗೆ ಒಂದು ಕೈ ಕೊಟ್ಟು, ಸೊಂಟ ಬಗ್ಗಿಸಿ, ಕತ್ತನ್ನು ತಿರುಚಿ, ತನ್ನ ತಲೆಯನ್ನೇ ಕೆಳಗೆ ಮಾಡಿ ಮಸೂರಕ್ಕೆ ಕಣ್ಣು ತರಲು ನೋಡಿದ. ಟೊಪ್ಪಿಗೆ ಬಿತ್ತು. ರಕ್ತವೆಲ್ಲ ಮುಖಕ್ಕೆ ಇಳಿಯಿತು. ಆದರೆ ಒಂದು ಗಳಿಗೆ, ಒಂದೇ ಗಳಿಗೆ, ವಸೀಲಾ ನೆಟ್ಟಗಾದಳು. ಕಣ್ಣಿನ ಕೆಳಗೆ ಕಪ್ಪು. ಅವಳು ತಾಯಿಯ ಮಾತಿಗೆ ನಗುತ್ತಿದ್ದಳು. ಹೌದು, ನಗುತ್ತಿದ್ದಳು.

“ಇನ್ಸ್‌ಪೆಕ್ಟ್ರೇ, ಕುತ್ತಿಗೆ ಜೋಪಾನ!”

ಮೆಟ್ಟಿಲ ಬಾಗಿಲಲ್ಲಿ ಒನಿಸ್ಸಾ, ಖಾಲಿ ಬುಟ್ಟಿಗಾಗಿ ಮರಳಿ ಬಂದವಳು. ಹೆಂಗಸರು ಕೂಗಿ ಹತ್ತಬೇಕಾಗಿಲ್ಲ. ಅವನು ದಡಬಡಿಸಿ ನೆಟ್ಟಗೆ ನಿಂತ. ಅವಳು ಬಿದ್ದ ಟೊಪ್ಪಿಗೆಯನ್ನು ಎತ್ತಿ, ಧೂಳು ಕೊಡವಿ, ಅವನ ಕೈಗೆ ಕೊಟ್ಟಳು. ನಗಲಿಲ್ಲ.

“ಮೊನ್ನೆ ಆಸ್ಪತ್ರೆಯಿಂದ ಬಂದ ಮೇಲೆ ಸ್ವಲ್ಪ ವಾಸಿ ಅಂತೆ,” ಎಂದಳು, ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು. “ನಿಮ್ಮ ಶುಕ್ರ.”

ಅಂದರೆ ಮೆಟ್ಟಿಲಿನ ಎಲ್ಲ ಮನೆಗಳಿಗೂ ಗೊತ್ತು. ಗೊತ್ತಿಲ್ಲದ್ದು ಬಾಗಿಲಲ್ಲಿ ನಿಂತು ಕೂಗಿದವನಿಗೊಬ್ಬನಿಗೇ. ಅವಳು ಇಳಿದ ಮೇಲೆ ಅವನು ಮತ್ತೆ ಕಣ್ಣಿಟ್ಟ, ಈ ಸಲ ನೆಟ್ಟಗೆ ನಿಂತು, ತಲೆಕೆಳಗಿನದನ್ನು ತಲೆಕೆಳಗಾಗಿಯೇ. ವಸೀಲಾ ಹಿಟ್ಟಿನ ಹಗ್ಗವನ್ನು ಪಾತ್ರೆಯ ಸಂದಿಗೆ ಒತ್ತುತ್ತಿದ್ದಳು. ಎಡಗಡೆ ಹಬೆ ಸೋರುತ್ತಿತ್ತು, ಬೆಳ್ಳಗೆ, ಕೆಳಗೆ ಕೆಳಗೆ ಬೀಳುತ್ತಿತ್ತು. ಅವಳು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಸಂದಿ ಮುಚ್ಚಲಿಲ್ಲ. ಅಲ್ಲಲ್ಲ, ಹಾಗಲ್ಲ, ಹೆಬ್ಬೆರಳಿನಿಂದ, ಹೆಬ್ಬೆರಳಿನಿಂದ ಒತ್ತು ಎಂದು ಬೂಜೆಮಾ ಗಟ್ಟಿಯಾಗಿಯೇ ಹೇಳಿದ. ಕಣಿವೆಯ ತುಂಬ ಕಾಗೆಗಳು ಹಾರಾಡುತ್ತಿದ್ದವು.

ಮಧ್ಯಾಹ್ನ ಕಳೆದು ಹೂರಿಯಾ ಬಂದಳು. ತಲೆ ಒಣಗಿತ್ತು. ಬಂದವಳೇ ಕಾಫಿ ಇಟ್ಟು, ಬಟ್ಟಲನ್ನು ಅವನ ಮುಂದಿಟ್ಟು, ಚೀಲದಿಂದ ಹೊಸ ಸೀಸೆ ತೆಗೆದು ನಾಲ್ಕು ಹನಿ ಬಿಟ್ಟಳು. ಮೂಲೆಯಲ್ಲಿದ್ದ ದಪ್ಪ ಕೊಳವೆಯನ್ನು ನೋಡಿದಳು, ಏನೆಂದು ಕೇಳಲಿಲ್ಲ. ಅವನು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದ. ಕಣ್ಣು ಮುಚ್ಚಲಿಲ್ಲ.

“ಈ ವರ್ಷದ್ದಾ?”

“ಈ ವರ್ಷದ್ದು.”

“ಅದೇ ಹೆಂಗಸಾ?”

“ಅದೇ.”

ಅವನು ಒಂದು ಗುಟುಕು ಕುಡಿದ.  ಬಟ್ಟಲನ್ನು ಕೆಳಗಿಟ್ಟು ಇನ್ಸ್‌ಪೆಕ್ಟರಿನ ದನಿ ತೆಗೆದ.

“ಆಗಲಿಲ್ಲ. ಪರಿಮಳ ಅರ್ಧ ಸೋರಿ ಹೋಗಿದೆ. ಅವಳಿಗೆ ಹೇಳು, ಹಿಟ್ಟು ಮೆತ್ತಿದ್ದು ಸರಿಯಾಗಿಲ್ಲ. ಎಡಗಡೆ ಸಂದಿ ಬಿಟ್ಟಿದೆ.”

ಹೂರಿಯಾ ಸೀಸೆಯ ಬಿರಡೆ ಹಾಕುತ್ತಿದ್ದವಳು ಹಾಗೆಯೇ ನಿಂತಳು. ಅವನ ಮುಖ ನೋಡಿದಳು, ಮೂಲೆಯ ಕೊಳವೆಯನ್ನು ಇನ್ನೊಮ್ಮೆ ನೋಡಿದಳು.

“ಎಡಗಡೆ ಅಲ್ಲ,” ಎಂದಳು. “ಬಲಗಡೆ.”

ಅವನು ಬಟ್ಟಲನ್ನು ಮತ್ತೆ ಎತ್ತಿಕೊಂಡ.

“ಅವಳ ತಪ್ಪಲ್ಲ ಕಣ್ರೀ. ಔಷಧಿ ಶುರು ಆದ ಮೇಲೆ ಕೈ ನಡುಗತ್ತೆ. ಒತ್ತಿ ಹಿಡಿಯೋಕೆ ಆಗಲ್ಲ. ನಾನು ಮೆತ್ತಿದ್ರೆ ನಿಲ್ಲಲ್ಲ, ನಿಮಗೇ ಗೊತ್ತಲ್ಲ. ಇನ್ನೊಂದು ಬುಟ್ಟಿ ಹೂವು ಹಾಗೇ ಬಿದ್ದಿದೆ. ನಾಳೆಗೆ ಬಾಡಿಹೋಗತ್ತೆ.”

ಬೂಜೆಮಾ ಕಾಫಿಯನ್ನು ಕೊನೆಯ ಹನಿಯವರೆಗೂ ಕುಡಿದ. ಎದ್ದು, ಟೊಪ್ಪಿಗೆ ಹಾಕಿಕೊಂಡು, ಅಡಿಗೆಮನೆಗೆ ಹೋಗಿ, ಒಂದೊಂದೇ ಡಬ್ಬವನ್ನು ತೆಗೆದು ದಡ್ ದಡ್ ಎಂದು ಮುಚ್ಚತೊಡಗಿದ.

“ಹಿಟ್ಟು ಎಲ್ಲಿಟ್ಟಿದ್ದೀಯೇ?” ಎಂದು ಒಳಗಿನಿಂದ ಕೂಗಿದ. “ಈ ಮನೇಲಿ ಒಂದಾದ್ರೂ ವಸ್ತು ಕೈಗೆ ಸಿಗತ್ತಾ!”